ಆ ಕಡೆಯಿಂದ ‘ಹೇಳಿ’ ಅನ್ನುವ ದನಿ

ಮಕ್ಕಳೇ, ಈ ವಾರ ಒಂದು ಸಣ್ಣ ಕೆಲಸ ಮಾಡಿ. ಅಜ್ಜಿಯ ಪಕ್ಕ ಕುಳಿತು, ಅವರನ್ನು ಕೇಳಿಯೇ, ಅವರ ಫೋನಿನಲ್ಲಿ ಯಾರ್ಯಾರ ನಂಬರ್ ಇದೆ ಎಂದು ನೋಡಿ. ಹಾಲಿನವರದು ಇರುತ್ತದೆ. ಗ್ಯಾಸ್ ಬುಕ್ ಮಾಡುವುದು, ಕರೆಂಟು ಹೋದಾಗ ಕರೆಯುವ ಲೈನ್‌ಮನ್‌ದು, ಮೊಣಕಾಲು ನೋವಿನ ಡಾಕ್ಟರದು, ಮೆಡಿಕಲ್ ಶಾಪಿನದು, ಆಟೊದವರದು. ‘ಪಾಪು ಬೆಂಗಳೂರು’, ‘ಪಾಪು ಹೊಸದು’ ಎಂದು ಒಬ್ಬನೇ ಮಗನದು ಎರಡು. ಮಿಕ್ಸಿ ಕೆಟ್ಟರೆ ಯಾರಿಗೆ ಹೇಳಬೇಕು ಎಂಬುದಕ್ಕೂ ಅಲ್ಲಿ ಉತ್ತರ ಸಿಗುತ್ತದೆ. ಮನಸ್ಸು ಸರಿಯಿಲ್ಲದಿದ್ದರೆ ಯಾರಿಗೆ ಹೇಳಬೇಕು ಎಂಬುದಕ್ಕೆ ಮಾತ್ರ ಹೆಚ್ಚಿನ ಫೋನುಗಳಲ್ಲಿ ನಂಬರ್ ಇರುವುದಿಲ್ಲ.

ಅಂಥದ್ದೊಂದು ನಂಬರ್ ಇದೆ. ಐದೇ ಅಂಕಿ, 14416. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇದರ ಹೆಸರು ಟೆಲಿ-ಮಾನಸ್. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುಮಾಡಿತು. ದೇಶಕ್ಕೆಲ್ಲ ಇದರ ಮೇಲ್ವಿಚಾರಣೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ಕಂಪ್ಯೂಟರು, ತಂತ್ರಾಂಶದ ಕೆಲಸವೂ ಬೆಂಗಳೂರಿನದೇ, ಅಲ್ಲಿನ ಐಐಐಟಿ ಸಂಸ್ಥೆ ನೋಡಿಕೊಳ್ಳುತ್ತದೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ದೊಡ್ಡ ಫೋನೇ ಬೇಕೆಂದೂ ಇಲ್ಲ. ಅಜ್ಜ ಜೇಬಿನಲ್ಲಿಟ್ಟುಕೊಂಡು ತೋಟಕ್ಕೆ ಹೋಗುವ ಬಟನ್ ಫೋನಿನಿಂದಲೂ ಮಾಡಬಹುದು.

‘ಡಿಜಿಟಲ್ ತಂತ್ರಜ್ಞಾನದಿಂದ ಮಾನಸಿಕ ಆರೋಗ್ಯ’ ಎಂಬ ದೊಡ್ಡ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಮಾತು ಕೇಳಿದ ತಕ್ಷಣ ನಮಗೆ ಆ್ಯಪ್ ನೆನಪಾಗುತ್ತದೆ, ಕೈಗೆ ಕಟ್ಟುವ ಗಡಿಯಾರ ನೆನಪಾಗುತ್ತದೆ, ಮಾತಾಡುವ ಯಂತ್ರ ನೆನಪಾಗುತ್ತದೆ. ಅವುಗಳ ಸಂಗತಿಗೂ ಬರೋಣ. ಆದರೆ ಇವೆಲ್ಲದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಹಳೇ ಕಾಲದ ಫೋನ್ ಕರೆಯೇ. ಯಾಕೆಂದು ಹೇಳುತ್ತೇನೆ.

ಮೊದಲು, ಆ ನಂಬರ್ ಒತ್ತಿದರೆ ಏನಾಗುತ್ತದೆ ಎಂಬುದು ಗೊತ್ತಿರಲಿ. ಗೊತ್ತಿಲ್ಲದ ಬಾಗಿಲನ್ನು ತಟ್ಟಲು ಎಂಥವರಿಗೂ ಅಂಜಿಕೆ. ಮೊದಲು ರೆಕಾರ್ಡ್ ಮಾಡಿದ ದನಿ ಕೇಳುತ್ತದೆ, ಯಾವ ಭಾಷೆ ಬೇಕೋ ಅದರ ಅಂಕಿ ಒತ್ತಿ ಎನ್ನುತ್ತದೆ. ಬ್ಯಾಂಕಿಗೆ ಫೋನ್ ಮಾಡಿದಾಗ ಆಗುವಂತೆಯೇ. ಇಲ್ಲಿಯೇ ಎಷ್ಟೋ ಹಿರಿಯರು ‘ಇದು ಮೆಷೀನು’ ಎಂದು ಫೋನ್ ಇಟ್ಟುಬಿಡುತ್ತಾರೆ. ಇಡಬೇಡಿ. ಭಾಷೆ ಆರಿಸಿದ ಮೇಲೆ ಕರೆ ರಾಜ್ಯದ ಘಟಕಕ್ಕೆ ಹೋಗುತ್ತದೆ. ಅಲ್ಲಿ ಫೋನ್ ಎತ್ತಿಕೊಳ್ಳುವವರು ಮನುಷ್ಯರು, ಇದಕ್ಕಾಗಿಯೇ ತರಬೇತಿ ಪಡೆದ ಆಪ್ತ ಸಮಾಲೋಚಕರು. ಅವರ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು. ಏನು ಹೇಳಬೇಕೆಂದು ಮೊದಲೇ ಸಿದ್ಧಮಾಡಿಕೊಂಡು ಹೋಗಬೇಕಾಗಿಲ್ಲ. ‘ಯಾಕೋ ಸರಿಯಿಲ್ಲ, ಎಲ್ಲಿಂದ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ’ ಎಂದರೂ ಅದೇ ಒಂದು ಶುರು.

ಹೆಚ್ಚಿನ ಕರೆಗಳು ಮಾತಿನಲ್ಲಿಯೇ ಹಗುರಾಗುತ್ತವೆ. ಅಷ್ಟರಿಂದ ಆಗದು ಎನ್ನಿಸಿದರೆ ಸಮಾಲೋಚಕರು ಕರೆಯನ್ನು ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ದಾಟಿಸುತ್ತಾರೆ. ಎದುರಿಗೇ ನೋಡಬೇಕಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡು ಇದೆಯಲ್ಲ, ಅಂಥ ಕಡೆಗೆ. 2024ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ಆ್ಯಪ್ ಬಂತು, ವಿಡಿಯೊದಲ್ಲಿ ಮುಖ ನೋಡಿ ಮಾತಾಡುವ ವ್ಯವಸ್ಥೆಯೂ ಬಂತು. ಅದನ್ನು ಮೊದಲು ಪರೀಕ್ಷಿಸಿ ನೋಡಿದ ರಾಜ್ಯಗಳಲ್ಲಿ ಕರ್ನಾಟಕ ಒಂದು.

2024ರ ಹೊತ್ತಿಗೆ ಈ ನಂಬರಿಗೆ ಬಂದ ಕರೆಗಳು 10 ಲಕ್ಷ ದಾಟಿದ್ದವು. ಇಷ್ಟು ಜನ ಏನು ಹೇಳಿಕೊಳ್ಳಲು ಫೋನ್ ಮಾಡಿರಬಹುದು? ಏನೋ ಭಾರೀ ಕಾಯಿಲೆಗಳನ್ನು ನೀವು ಊಹಿಸಿಕೊಂಡಿದ್ದರೆ, ಅಲ್ಲ. ಅತಿ ಹೆಚ್ಚು ಬಂದ ದೂರುಗಳಲ್ಲಿ ಮುಂದಿರುವುದು ನಿದ್ದೆ ಬರುವುದಿಲ್ಲ ಎಂಬುದು. ಅದರ ಜೊತೆಜೊತೆಗೇ ಮನಸ್ಸಿಗೆ ಬೇಸರ, ಒತ್ತಡ, ಆತಂಕ. ನಿದ್ದೆ ಬಾರದ ಅಜ್ಜ ನಿಮ್ಮ ಮನೆಯಲ್ಲೂ ಇರಬಹುದು. ನಾಳೆ ಗಣಿತದ ಟೆಸ್ಟ್ ಎಂದರೆ ಹೊಟ್ಟೆಯೊಳಗೆ ಏನೋ ತಿರುವಿದಂತಾಗುವ ಹುಡುಗಿ ಈ ಪುಟವನ್ನೇ ಓದುತ್ತಿರಬಹುದು. ಅಂಥವರಿಗೇ ಇದು.

ಫೋನಿನಲ್ಲಿ ಕೇಳಿಸಿಕೊಂಡರೆ ಮನಸ್ಸಿಗೆ ಹಿತವಾಗುತ್ತದೆ ಎಂಬುದು ಹೊಸದಾಗಿ ಯಾರೋ ಕಂಪ್ಯೂಟರ್ ಕಲಿತವರಿಗೆ ಹೊಳೆದದ್ದಲ್ಲ. ಅದರ ಹಿಂದೆ ಒಂದು ಕಥೆಯಿದೆ. ಅದರ ನಾಯಕ ಮಕ್ಕಳ ಪತ್ರಿಕೆಗೆ ಬರೆಯುತ್ತಿದ್ದವನು ಎಂಬುದು ನನಗೆ ಖುಷಿಯ ಸಂಗತಿ.

ಲಂಡನ್ನಿನಲ್ಲಿ ಚಾಡ್ ವರಾ ಎಂಬ ಪಾದ್ರಿ ಇದ್ದರು. ಸಂಬಳ ಸಾಲದೆ ‘ಈಗಲ್’ ಎಂಬ ಮಕ್ಕಳ ಚಿತ್ರಕಥಾ ಪತ್ರಿಕೆಗೆ ಬರೆಯುತ್ತಿದ್ದರು. ಅದರಲ್ಲಿ ಬರುತ್ತಿದ್ದ ಬಾಹ್ಯಾಕಾಶ ವೀರ ಡ್ಯಾನ್ ಡೇರ್‌ನ ಕಥೆಗೆ ವಿಜ್ಞಾನದ ಸಲಹೆಯನ್ನೂ ಕೊಡುತ್ತಿದ್ದರು. ಬದುಕೇ ಬೇಡ ಎನ್ನಿಸುವಷ್ಟು ನೊಂದವರಿಗೆ ಹೇಳಿಕೊಳ್ಳಲು ಯಾರೂ ಇಲ್ಲವಲ್ಲ ಎಂಬುದು ಅವರನ್ನು ಕಾಡುತ್ತಿತ್ತು. 1953ರ ನವೆಂಬರ್‌ನಲ್ಲಿ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟು, ಕಷ್ಟದಲ್ಲಿರುವವರು ಕರೆ ಮಾಡಿ ಎಂದು ಪ್ರಕಟಿಸಿದರು. ಜನ ಫೋನ್ ಮಾಡಿದರು, ನೇರವಾಗಿಯೂ ಬಂದರು. ಬಂದವರು ಪಾದ್ರಿಗಳ ಭೇಟಿಗಾಗಿ ಹೊರಗೆ ಕಾಯಬೇಕಿತ್ತು. ಕಾಯುವವರಿಗೆ ಚಹಾ ಕೊಟ್ಟು ಕೂರಿಸಲು ಕೆಲವು ಸ್ವಯಂಸೇವಕರು ಬಂದರು. ಅವರೇನೂ ಓದಿ ಕಲಿತ ವೈದ್ಯರಲ್ಲ, ಸಾಮಾನ್ಯ ಜನ. ಸ್ವಲ್ಪ ದಿನದಲ್ಲಿ ವರಾ ಅವರು ಒಂದು ವಿಚಿತ್ರ ಗಮನಿಸಿದರು. ಹೊರಗೆ ಚಹಾ ಕುಡಿಯುತ್ತ ಸ್ವಯಂಸೇವಕರ ಹತ್ತಿರ ಎಲ್ಲ ಹೇಳಿಕೊಂಡ ಎಷ್ಟೋ ಜನ, ಒಳಗೆ ಬಂದು ತಮ್ಮನ್ನು ನೋಡುವ ಅಗತ್ಯವೇ ಇಲ್ಲದೆ ಮನೆಗೆ ಹೋಗುತ್ತಿದ್ದರು! ಬುದ್ಧಿವಾದಕ್ಕಿಂತ ಹೆಚ್ಚಿನ ಕೆಲಸವನ್ನು ಆ ಚಹಾದ ಬೆಂಚು ಮಾಡುತ್ತಿತ್ತು. ಮಾರನೆಯ ವರ್ಷದ ಫೆಬ್ರುವರಿಯಲ್ಲಿ ಅವರು ಫೋನನ್ನೇ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಹೀಗೆ ಹುಟ್ಟಿದ ‘ಸಮಾರಿಟನ್ಸ್’ ಬ್ರಿಟನ್ನಿನಲ್ಲಿ ಇಂದಿಗೂ ಇದೆ.

ನಮ್ಮ ಕಡೆ ಸಮಸ್ಯೆ ಇನ್ನೂ ಒಂದು ಇತ್ತು. ದೂರ. ಅಜ್ಜ-ಅಜ್ಜಿಯರೇ, ನಿಮಗೆ ನೆನಪಿದೆ, ನಿಮ್ಮ ಕಾಲದಲ್ಲಿ ಮನಸ್ಸಿನ ಕಾಯಿಲೆಗೆ ಔಷಧಿ ಎಂದರೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಹತ್ತುವಾಗ ‘ಎಲ್ಲಿಗೆ?’ ಎಂದು ಯಾರಾದರೂ ಕೇಳಿದರೆ ನೆಂಟರ ಮನೆಗೆ ಎನ್ನಬೇಕಿತ್ತು. ಆ ಆಸ್ಪತ್ರೆಯ ಹೆಸರನ್ನೇ ಜನ ಬೈಗುಳದ ಹಾಗೆ ಬಳಸುತ್ತಿದ್ದರು. ಆ ಹಳೆಯ ಮಾತನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳು ಅದನ್ನು ಕಲಿಯದಿದ್ದರೂ ನಡೆಯುತ್ತದೆ. ಜ್ವರ ಬಂದವರನ್ನು ಅಕ್ಕಪಕ್ಕದವರು ನೋಡಲು ಬರುತ್ತಾರೆ, ಎಳನೀರು ತರುತ್ತಾರೆ. ಮನಸ್ಸು ಸೋತವರ ಮನೆಯಲ್ಲಿ ಮಾತ್ರ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು.

ನಿಮ್ಹಾನ್ಸ್‌ನ ವೈದ್ಯರು ಇದನ್ನು ಅರಿತಿದ್ದರು. ಕಾಯಿಲೆಯವರು ಬರದಿದ್ದರೆ ನಾವೇ ಹೋಗೋಣ ಎಂದು 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಯವರಿಗಾಗಿ ಕೇಂದ್ರ ತೆರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು, ಔಷಧಿ ಕೊಡುವುದನ್ನು ಕಲಿಸಿದರು. ಮೈಗೆ ಔಷಧಿ ಸಿಗುವ ಬಾಗಿಲಲ್ಲೇ ಮನಸ್ಸಿಗೂ ಸಿಗಬೇಕು ಎಂಬುದು ಲೆಕ್ಕ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಚ್ಚಾಯಿತು. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಈಗ ತಾಲ್ಲೂಕಿನಿಂದ ಜೇಬಿನೊಳಗಿನ ಫೋನಿಗೆ. ಫೋನಿನ ಬಾಗಿಲಿಗೆ ಇನ್ನೊಂದು ಗುಣವಿದೆ. ಒಳಗೆ ಹೋಗುವುದನ್ನು ಬೀದಿಯವರು ನೋಡುವುದಿಲ್ಲ. ಹೇಳಿಕೊಂಡದ್ದು ಗುಟ್ಟಾಗಿಯೇ ಉಳಿಯುತ್ತದೆ. ನಾಚಿಕೆಯಿಂದ ನರಳುತ್ತಿದ್ದವರಿಗೆ ಇದು ಎಂಥ ಉಪಕಾರ ಎಂಬುದು ಆ ಬಸ್ಸು ಹತ್ತಿದ್ದವರಿಗೆ ಚೆನ್ನಾಗಿ ಗೊತ್ತು.

ಇನ್ನು ಮಾತಾಡುವ ಯಂತ್ರಗಳಿಗೆ ಬರೋಣ. ಇದು ಮುಖ್ಯವಾಗಿ ಮಕ್ಕಳಿಗೆ. ಯಾಕೆಂದರೆ ನಿಮ್ಮಲ್ಲಿ ಕೆಲವರು ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಆಗಲೇ ಅವುಗಳಿಗೆ ಟೈಪ್ ಮಾಡುತ್ತಿದ್ದೀರಿ ಎಂದು ನನಗೆ ಗುಮಾನಿ.

ಇಂಥ ಮೊದಲ ಯಂತ್ರದ ಹೆಸರು ಎಲೈಜಾ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು ಬರೆದ ಪ್ರೋಗ್ರಾಂ ಅದು. 1966ರಲ್ಲಿ ಅದರ ವಿವರ ಪ್ರಕಟಿಸಿದರು. ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ನೀವು ಬರೆದ ವಾಕ್ಯದಲ್ಲಿ ಗೊತ್ತಿರುವ ಪದವೊಂದನ್ನು ಹುಡುಕಿ, ವಾಕ್ಯವನ್ನು ತಿರುಗಿಸಿ ನಿಮಗೇ ಕೇಳುತ್ತಿತ್ತು, ಅಷ್ಟೇ. ಕಂಪ್ಯೂಟರ್ ಇಲ್ಲದೆಯೇ ನೀವು ಇದನ್ನು ಅಜ್ಜನ ಜೊತೆ ಆಡಬಹುದು. ಒಬ್ಬರು ಎಲೈಜಾ ಆಗಿ, ಮೂರೇ ನಿಯಮ ಇಟ್ಟುಕೊಳ್ಳಿ. ಎದುರಿನವರ ಮಾತಿನಲ್ಲಿ ‘ನನಗೆ’ ಬಂದರೆ ಅದನ್ನು ‘ನಿಮಗೆ’ ಮಾಡಿ, ಕೊನೆಗೆ ‘ಯಾಕೆ?’ ಸೇರಿಸಿ ಹಿಂದಕ್ಕೆ ಎಸೆಯಿರಿ. ಅಮ್ಮ, ಅಪ್ಪ, ಅಣ್ಣ, ತಂಗಿ ಎಂಬ ಯಾವುದೇ ಪದ ಬಂದರೆ ‘ನಿಮ್ಮ ಮನೆಯವರ ಬಗ್ಗೆ ಇನ್ನೂ ಹೇಳಿ’ ಎನ್ನಿ. ಏನೂ ಹೊಂದದಿದ್ದರೆ ‘ಹೌದಾ, ಆಮೇಲೆ?’ ಎನ್ನಿ.

‘ನನಗೆ ಶಾಲೆಗೆ ಹೋಗಲು ಮನಸ್ಸಿಲ್ಲ.’
‘ನಿಮಗೆ ಶಾಲೆಗೆ ಹೋಗಲು ಮನಸ್ಸಿಲ್ಲ, ಯಾಕೆ?’
‘ಅಲ್ಲಿ ಯಾರೂ ಮಾತಾಡಿಸುವುದಿಲ್ಲ.’
‘ಹೌದಾ, ಆಮೇಲೆ?’
‘ಅಮ್ಮನಿಗೆ ಹೇಳಿದರೆ ಬೈತಾಳೆ.’
‘ನಿಮ್ಮ ಮನೆಯವರ ಬಗ್ಗೆ ಇನ್ನೂ ಹೇಳಿ.’

ಆಡಿ ನೋಡಿ. ಮೊದಲೆರಡು ನಿಮಿಷ ನಗು ಬರುತ್ತದೆ. ಆಮೇಲೆ ಗೊತ್ತಿಲ್ಲದಂತೆ ನಿಜವಾದ ಮಾತು ಹೊರಗೆ ಬರತೊಡಗುತ್ತದೆ. ವೈಜೆನ್‌ಬಾಮ್ ಅವರಿಗೂ ಇದೇ ಬೆರಗಾದದ್ದು. ಅವರ ಕಾರ್ಯದರ್ಶಿ, ಅವರು ಆ ಪ್ರೋಗ್ರಾಂ ಬರೆಯುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದವರು, ಒಂದು ದಿನ ಅದರೊಡನೆ ಟೈಪ್ ಮಾಡುತ್ತ ಕುಳಿತು, ಸ್ವಲ್ಪ ಹೊತ್ತಿಗೆ ‘ನೀವು ದಯವಿಟ್ಟು ಹೊರಗೆ ಹೋಗಿ’ ಎಂದು ಪ್ರಾಧ್ಯಾಪಕರನ್ನೇ ಕೋಣೆಯಿಂದ ಕಳಿಸಿದರಂತೆ. ತಮ್ಮ ಗುಟ್ಟಿನ ಮಾತಿನ ನಡುವೆ ಮೂರನೆಯವರು ಯಾಕೆ! ಇದನ್ನು ಕಂಡು ವೈಜೆನ್‌ಬಾಮ್ ಹಿಗ್ಗಲಿಲ್ಲ. ಕಳವಳಪಟ್ಟರು. 1976ರಲ್ಲಿ ಒಂದು ಪುಸ್ತಕವನ್ನೇ ಬರೆದು, ಮನುಷ್ಯರು ಮನುಷ್ಯರಿಗೇ ಮಾಡಬೇಕಾದ ಕೆಲವು ಕೆಲಸಗಳನ್ನು ಯಂತ್ರಕ್ಕೆ ವಹಿಸಬಾರದು ಎಂದು ವಾದಿಸಿದರು.

ಈಗಿನ ಯಂತ್ರಗಳು ಎಲೈಜಾದಂತೆ ಪೆದ್ದಲ್ಲ. ಲೆಕ್ಕವಿಲ್ಲದಷ್ಟು ಬರಹ ಓದಿ, ಮುಂದಿನ ಪದ ಯಾವುದು ಬರಬೇಕೆಂದು ಲೆಕ್ಕ ಹಾಕಿ, ಥೇಟ್ ಮನುಷ್ಯರಂತೆ ಬರೆಯುತ್ತವೆ. ಕೆಲಸಕ್ಕೂ ಬರುತ್ತವೆ. ನಮ್ಮ ಬೆಂಗಳೂರಿನಲ್ಲೇ ಬೆಳೆದ ವೈಸಾ ಎಂಬ ಆ್ಯಪಿನಲ್ಲಿ ಒಂದು ಪುಟ್ಟ ಪೆಂಗ್ವಿನ್ ಇದೆ. ಆತಂಕವಾದಾಗ ಉಸಿರಾಟ ನಿಧಾನ ಮಾಡುವುದು, ಮನಸ್ಸಿನಲ್ಲಿ ಓಡುತ್ತಿರುವುದನ್ನು ಬರೆದಿಟ್ಟು ನೋಡುವುದು, ಇಂಥ ಅಭ್ಯಾಸಗಳನ್ನು ಅದು ಮಾಡಿಸುತ್ತದೆ. ಅಭ್ಯಾಸದ ಪುಸ್ತಕವೊಂದು ಮಾತಾಡಿದ ಹಾಗೆ. ಅಷ್ಟಕ್ಕೆ ಅಡ್ಡಿಯಿಲ್ಲ. ಅಪ್ಪ-ಅಮ್ಮನಿಗೆ ಏನು ಹೇಳಬೇಕೆಂದು ತೋಚದಾಗ ಮೊದಲು ಯಂತ್ರದ ಮುಂದೆ ಬರೆದು ನೋಡಿ, ಆಮೇಲೆ ಅವರಿಗೆ ಹೇಳಿದರೆ ಅದೂ ಸರಿಯೇ.

ತೊಂದರೆ ಇರುವುದು ಬೇರೆ ಕಡೆ. ಇವುಗಳಿಗೆ ನಮ್ಮನ್ನು ಮೆಚ್ಚಿಸುವ ಚಾಳಿ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯನ್ನು ತಯಾರಿಸುವ ಕಂಪನಿ ಒಂದು ಹೊಸ ರೂಪ ಬಿಟ್ಟು, ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊಗಳುತ್ತಿದೆ ಎಂದು ಕೆಲವೇ ದಿನಗಳಲ್ಲಿ ತಾನೇ ಹಿಂದಕ್ಕೆ ತೆಗೆದುಕೊಂಡಿತು. ‘ನನ್ನ ಗೆಳತಿ ಬೇಕೆಂದೇ ನನ್ನ ಜೊತೆ ಮಾತು ಬಿಟ್ಟಿದ್ದಾಳೆ’ ಎಂದು ಯಂತ್ರಕ್ಕೆ ಹೇಳಿದರೆ ‘ಪಾಪ, ನಿನಗೆ ನೋವಾಗಿರಬೇಕು’ ಎನ್ನುತ್ತದೆ. ಅಜ್ಜಿಗೆ ಹೇಳಿದರೆ? ‘ಅವಳ ಮನೇಲಿ ಏನಾಗಿದೆಯೋ ಕೇಳಿದೆಯಾ ಮಗಾ?’ ಎಂದಾರು. ಕೇಳಲು ಅಷ್ಟು ಹಿತವಾಗಿರದ ಮಾತು. ಮಾರನೆಯ ದಿನ ಉಪಯೋಗಕ್ಕೆ ಬರುವ ಮಾತು.

ಕಥೆ ಕೇಳುವಾಗ ‘ಹೂಂ’ಗುಟ್ಟುವುದು ನಿಮಗೆ ಗೊತ್ತಲ್ಲ. ಅಜ್ಜಿ ಕಥೆ ಹೇಳುತ್ತಾರೆ, ಮಗು ‘ಹೂಂ’ ಎನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ, ಮಗು ಮಲಗಿತು ಎಂದು ಅರ್ಥ. ಆದರೆ ಅಜ್ಜಿಗೆ ಹೂಂ ಇದೆಯೇ ಇಲ್ಲವೇ ಎಂಬುದಷ್ಟೇ ಅಲ್ಲ, ಅದು ಎಂಥ ಹೂಂ ಎಂಬುದೂ ತಿಳಿಯುತ್ತದೆ. ನಿದ್ದೆಯ ಹೂಂ ಬೇರೆ, ಹೆದರಿದ ಹೂಂ ಬೇರೆ, ಬೆಳಗ್ಗೆ ಶಾಲೆಯಲ್ಲಿ ಏನೋ ಆಗಿ ಮನಸ್ಸು ಇಲ್ಲಿಲ್ಲದ ಹೂಂ ಬೇರೆ. ‘ಯಾಕೋ, ಇವತ್ತು ಹೂಂ ಸರಿಯಿಲ್ಲ’ ಎಂದು ಕಥೆ ನಿಲ್ಲಿಸಿ ಹಣೆ ಮುಟ್ಟಿ ನೋಡುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಯಂತ್ರದ ಹೂಂ ಎಂದೂ ನಿಲ್ಲುವುದಿಲ್ಲ, ಆಯಾಸವಿಲ್ಲ, ಬೈಗುಳವಿಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ನಿಮಗೆ ತೀರಾ ಕಷ್ಟವಾದರೆ ಅದು ಎದ್ದು ಬಂದು ಲೈಟು ಹಾಕಲಾರದು. ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಲಾರದು. ಅಳುತ್ತಿರುವವರ ಬೆನ್ನ ಮೇಲೆ ಕೈಯಿಡಲಾರದು.

ಗುಟ್ಟಿನ ಮಾತೂ ಒಂದಿದೆ. ಸಮಾಲೋಚಕರ ಹತ್ತಿರ ಹೇಳಿದ್ದು ಒಂದು, ಆ್ಯಪಿಗೆ ಬರೆದದ್ದು ಇನ್ನೊಂದು. ಬರೆದದ್ದು ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕುಳಿತಿರುತ್ತದೆ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಸಲಹಾ ಕಂಪನಿ, ಸಹಾಯ ಕೇಳಿ ಬಂದವರ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ಕೊಟ್ಟಿತೆಂದು ಅಲ್ಲಿನ ಸರ್ಕಾರಿ ಆಯೋಗ 2023ರಲ್ಲಿ ಹಿಡಿದು, 78 ಲಕ್ಷ ಡಾಲರ್ ಕಟ್ಟಿಸಿತು. ನಮ್ಮ ದೇಶದಲ್ಲೂ ಅದೇ ವರ್ಷ ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ ಆಯಿತು. ಅದರ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ತೆಗೆದುಕೊಳ್ಳಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಯಾವುದಾದರೂ ಆ್ಯಪ್ ನಿಮ್ಮ ಹೆಸರು, ಶಾಲೆ, ಫೋಟೊ ಕೇಳಿದರೆ ಅಲ್ಲೇ ನಿಲ್ಲಿಸಿ, ದೊಡ್ಡವರನ್ನು ಕರೆಯಿರಿ. ಅಜ್ಜಿಯ ಫೋನ್ ನೋಡುವ ಮುಂಚೆ ಅವರನ್ನು ಕೇಳಿ ಎಂದು ಮೊದಲಲ್ಲೇ ಹೇಳಿದ್ದೂ ಇದಕ್ಕೇ. ಗುಟ್ಟು ಚಿಕ್ಕವರಿಗೂ ಇದೆ, ದೊಡ್ಡವರಿಗೂ ಇದೆ. ಅಜ್ಜ-ಅಜ್ಜಿಯರೇ, ಇದು ನಿಮಗೂ ಅನ್ವಯಿಸುತ್ತದೆ. ಮೊಮ್ಮಗಳು ಬರೆದಿಟ್ಟ ಡೈರಿಯನ್ನು ಅವಳಿಲ್ಲದಾಗ ತೆರೆಯಬೇಡಿ. ಅವಳು ತಾನಾಗಿ ಹೇಳಲು ಬಂದಾಗ ಧಾರಾವಾಹಿ ನಿಲ್ಲಿಸಿ.

ಫೋನೇ ಕಾಯಿಲೆ ತರುತ್ತಿದೆಯಲ್ಲ, ಔಷಧಿ ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಗೊಣಗಿರುತ್ತೀರಿ. ನಿಜ. ಬಿಡಲಾಗದಷ್ಟು ಗೇಮ್ ಆಡುವವರಿಗೆ, ಫೋನ್ ಕೆಳಗಿಡಲಾಗದವರಿಗೆ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ‘ಷಟ್’ ಎಂದಾಗುತ್ತದೆ, ‘ಮುಚ್ಚು’ ಎಂದು! ಹೆಸರಿಟ್ಟವರು ತಮಾಷೆಯವರೇ ಇರಬೇಕು. ಆದರೆ ಪೂರ್ತಿ ಹೆಸರಿನ ಅರ್ಥ ತಂತ್ರಜ್ಞಾನವನ್ನು ಆರೋಗ್ಯಕರವಾಗಿ ಬಳಸಲು ನೆರವು ಎಂದು. ಮುಚ್ಚಿಬಿಡು ಎಂದಲ್ಲ, ಹದದಲ್ಲಿ ಬಳಸು ಎಂದು. ಒಂದು ಗುರುತು ಹೇಳುತ್ತೇನೆ, ಮನೆಯಲ್ಲೇ ಪರೀಕ್ಷಿಸಬಹುದು. ಫೋನ್ ಕೆಳಗಿಟ್ಟ ಮೇಲೆ ಇನ್ನೊಬ್ಬರನ್ನು ಮಾತಾಡಿಸಬೇಕು ಎನ್ನಿಸಿದರೆ ಅದು ಒಳ್ಳೆಯ ಬಳಕೆ. ಯಾರು ಕರೆದರೂ ಸಿಡುಕು ಬಂದರೆ ಅಲ್ಲ.

ಹಿರಿಯರು ಬೆಳಗಾಗೆದ್ದು ಕಳಿಸುವ ‘ಶುಭೋದಯ’ದ ಹೂವಿನ ಚಿತ್ರಗಳನ್ನು ಕಂಡು ಮಕ್ಕಳು, ಮೊಮ್ಮಕ್ಕಳು ನಗುತ್ತಾರೆ. ಫೋನ್ ತುಂಬಿಹೋಯಿತು ಎಂದು ಬಯ್ಯುತ್ತಾರೆ. ನಾನು ಅವನ್ನು ಬೇರೆ ರೀತಿ ಓದುತ್ತೇನೆ. ಅದು ಹಾಜರಿ. ಶಾಲೆಯಲ್ಲಿ ‘ಯೆಸ್ ಮಿಸ್’ ಎನ್ನುತ್ತೀರಲ್ಲ, ಹಾಗೆ. ‘ಇವತ್ತೂ ಎದ್ದಿದ್ದೇನೆ, ಇದ್ದೇನೆ’ ಎಂದು ಆ ದಾಸವಾಳದ ಚಿತ್ರ ಹೇಳುತ್ತದೆ. ಹಾಗಿದ್ದರೆ ಅದನ್ನು ಹಾಜರಿಯಾಗಿಯೇ ಬಳಸಬಹುದು. ಒಂಟಿಯಾಗಿರುವ ನಾಲ್ಕೈದು ಗೆಳೆಯರೋ ಓರಗಿತ್ತಿಯರೋ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು, ದಿನಾ ಎಂಟು ಗಂಟೆಯೊಳಗೆ ಎಲ್ಲರೂ ಏನಾದರೊಂದು ಕಳಿಸುವುದು. ಯಾರದಾದರೂ ಬರದಿದ್ದರೆ ಉಳಿದವರಲ್ಲಿ ಒಬ್ಬರು ಫೋನ್ ಮಾಡುವುದು. ಇಷ್ಟಕ್ಕೆ ಯಾವ ಹೊಸ ಆ್ಯಪೂ ಬೇಡ. ಗುಂಪು ಮಾಡಿಕೊಡಲು ಒಬ್ಬ ಮೊಮ್ಮಗ ಬೇಕು.

ದೂರದಲ್ಲಿರುವ ಮೊಮ್ಮಕ್ಕಳ ವಿಡಿಯೊ ಕಾಲ್‌ಗೂ ನಿಗದಿಯಾದ ಹೊತ್ತು ಇರಲಿ. ‘ಯಾವಾಗಲಾದರೂ ಮಾಡುತ್ತೇನೆ’ ಎಂದರೆ ಅಜ್ಜಿ ದಿನವೆಲ್ಲ ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಾರೆ, ಸ್ನಾನಕ್ಕೂ ಬೇಗ ಹೋಗಿ ಬರುತ್ತಾರೆ. ‘ಭಾನುವಾರ ಸಂಜೆ ಐದಕ್ಕೆ’ ಎಂದರೆ ಆರು ದಿನ ನೆಮ್ಮದಿ, ಏಳನೆಯ ದಿನ ಹಬ್ಬ. ಮಾತು ತೋಚದಿದ್ದರೆ ಏನಾದರೂ ಕಲಿಸಲು ಕೇಳಿ: ಒಗಟು, ಚೌಕಾಬಾರದ ಮನೆ ಬರೆಯುವ ಬಗೆ, ಗೊಜ್ಜಿನ ಹದ. ‘ಊಟ ಆಯ್ತಾ’ ಮುಗಿದ ಮೇಲೂ ಕರೆ ಉಳಿಯುತ್ತದೆ.

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ಮಾತ್ರ ಅಜ್ಜ-ಅಜ್ಜಿಯರು ಒಂದು ವಿಶೇಷ ಕೆಲಸ ಮಾಡಬೇಕು. ಫಲಿತಾಂಶ ಈಗ ಫೋನಿಗೇ ಬರುತ್ತದೆ, ಒಂದು ಕ್ಷಣದಲ್ಲಿ ನೆಂಟರ ಗುಂಪಿಗೆಲ್ಲ ಹರಡುತ್ತದೆ. ಅಂಕ ಕಡಿಮೆ ಬಂದ ಮಗು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ, ಹೊರಗೆ ನಿಂತು ‘ಆಗಲಿ, ಬಾ ಕಾಫಿ ಕುಡಿಯೋಣ’ ಎಂದು ಮೊದಲು ಹೇಳುವವರು ನೀವಾಗಿ. ಮಗು ತುಂಬ ದಿನ ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ‘ನಾನು ಇರಲೇಬಾರದಿತ್ತು’ ಎಂಬಂಥ ಮಾತಾಡಿದರೆ ಅದನ್ನು ಹಠ ಎಂದುಕೊಳ್ಳಬೇಡಿ, ನಾಟಕ ಎಂದು ತಳ್ಳಿಹಾಕಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ, ಅದರ ಜೊತೆ ಕುಳಿತೇ 14416ಕ್ಕೆ ಮಾಡಿ. ಮಗುವಿನ ಬಗ್ಗೆ ಏನು ಮಾಡಬೇಕೆಂದು ಕೇಳಲು ಮನೆಯವರೂ ಆ ನಂಬರಿಗೆ ಮಾಡಬಹುದು. ಆಗಲೇ ಅಪಾಯವೆನ್ನಿಸಿದರೆ 112.

ಮಕ್ಕಳೇ, ಯಾರಾದರೂ ಹೊಡೆಯುವುದು, ಹೆದರಿಸುವುದು, ಮುಟ್ಟಬಾರದಂತೆ ಮುಟ್ಟುವುದು, ಫೋಟೊ ಹರಡುತ್ತೇನೆ ಎಂದು ಕಾಡುವುದು ಇದ್ದರೆ ನಿಮ್ಮದೇ ಒಂದು ನಂಬರ್ ಇದೆ, 1098. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಮರೆಯುವುದಿಲ್ಲ. ಮುಂಬೈಯಲ್ಲಿ 1996ರಲ್ಲಿ ಬೀದಿಯ ಮಕ್ಕಳಿಗಾಗಿ ಶುರುವಾದ ಸಹಾಯವಾಣಿ ಅದು, ಈಗ ದೇಶದ ಎಲ್ಲ ಮಕ್ಕಳದು. ತಪ್ಪು ನಿಮ್ಮದಲ್ಲವಾದ್ದರಿಂದ ಬೈಸಿಕೊಳ್ಳುವ ಹೆದರಿಕೆ ಬೇಡ.

ಹಿರಿಯರಿಗೆ ಪ್ರತ್ಯೇಕವಾಗಿ 14567 ಇದೆ. ಪಿಂಚಣಿಯ ಗೊಂದಲ, ಮನೆಯವರ ಕಿರುಕುಳ, ಆಸ್ಪತ್ರೆಯ ವಿವರ, ಅಥವಾ ಬರೀ ಬೇಸರ, ಯಾವುದಕ್ಕಾದರೂ ಮಾಡಬಹುದು. ಅದು ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಫ್ಯಾನಿನ ಸದ್ದು ಕೇಳುತ್ತ ಮಲಗಿರುವ ಅಜ್ಜಂದಿರು 14416ಕ್ಕೇ ಮಾಡಿ. ಅಲ್ಲಿ ರಾತ್ರಿ ಪಾಳಿಯವರು ಎದ್ದೇ ಇರುತ್ತಾರೆ.